ಮಾನೋಮಿಯಿಂದ ಜೂನ್ ತಿಂಗಳಿಗೆ: ಬುಕ್ಕಾಪಟ್ಟಣ ಸೀಮೆಯಲ್ಲಿ ಇಂಗ್ಲಿಷ್ ತರಗತಿಯ ಆರಂಭ

ತುಮಕೂರು ಜಿಲ್ಲೆಯ ಮಧುಗಿರಿ, ಸಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳು ಇಂದು ಮಧುಗಿರಿ ಶೈಕ್ಷಣಿಕ ಜಿಲ್ಲೆಗೆ ಸೇರಿವೆ. ಸಿರಾ ತಾಲ್ಲೂಕಿನ ಹೋಬಳಿ ಕೇಂದ್ರವಾದ ಬುಕ್ಕಾಪಟ್ಟಣವೂ ಈ ವ್ಯಾಪ್ತಿಯಲ್ಲಿದೆ. ಇಂತಹ ಸೀಮೆಗಳ ಶಿಕ್ಷಣ ಚರಿತ್ರೆಯನ್ನು ಶಾಲೆಗಳು ಸ್ಥಾಪನೆಯಾದ ಇಸವಿಗಳ ಪಟ್ಟಿಯಾಗಿ ಬರೆಯುವುದು ರೂಢಿ. ಮಗು ವರ್ಷದ ಯಾವ ಕಾಲದಲ್ಲಿ, ಯಾವ ವಿಧಿಯೊಡನೆ ಅಕ್ಷರಕ್ಕೆ ಎದುರಾಯಿತೆಂದು ಕೇಳಿದರೆ ದೊರೆಯುವ ಚರಿತ್ರೆ ಬೇರೆಯದೇ ಆಗಿದೆ.

ಹಳೆಯ ಮೈಸೂರು ಪ್ರದೇಶದ ಐಗಳ ಮಠ, ಕೂಲಿ ಮಠಗಳಲ್ಲಿ ಕಲಿಕೆಯ ವರ್ಷವು ಪಂಚಾಂಗವನ್ನು ಅನುಸರಿಸುತ್ತಿತ್ತು. ವಿಜಯದಶಮಿ ಅಕ್ಷರಾಭ್ಯಾಸಕ್ಕೆ ಪ್ರಶಸ್ತವಾದ ದಿನ. ಮೊದಲ ಅಕ್ಷರವನ್ನು ಮರಳ ಮೇಲೆ ಬೆರಳಿನಿಂದ ತಿದ್ದಿಸಲಾಗುತ್ತಿತ್ತು. ಮಾನೋಮಿಯ ದಿನಗಳಲ್ಲಿ ಐಗಳು ಮಕ್ಕಳನ್ನು ಕರೆದುಕೊಂಡು ಮನೆಮನೆಗೆ ಹೋಗಿ ಚೌಪದ ಹೇಳಿಸುತ್ತಿದ್ದರು. ಮನೆಯವರು ಧಾನ್ಯವನ್ನೋ ಕಾಸನ್ನೋ ಕೊಡುತ್ತಿದ್ದರು. ಚೌಪದವನ್ನು ಕೇವಲ ಹಾಡಿನ ಪ್ರಕಾರವಾಗಿ ನೋಡಿದರೆ, ಅದು ಗುರುವಿನ ಸಂಭಾವನೆಯ ವ್ಯವಸ್ಥೆಯೂ ಮಕ್ಕಳ ಕಂಠಪಾಠವನ್ನು ಊರು ಕಿವಿಯಾರೆ ಪರೀಕ್ಷಿಸುವ ಸಂದರ್ಭವೂ ಆಗಿತ್ತೆಂಬುದು ಮರೆಯಾಗುತ್ತದೆ. ಆದರೆ ಈ ಮಠಗಳ ಜಗುಲಿ ಎಲ್ಲ ಜಾತಿಯ ಮಕ್ಕಳಿಗೂ ತೆರೆದಿರಲಿಲ್ಲ ಎಂಬುದನ್ನು ಬಿಟ್ಟು ಅವನ್ನು ಹೊಗಳುವುದು ನ್ಯಾಯವಲ್ಲ.

1857ರಲ್ಲಿ ಮೈಸೂರಿನಲ್ಲಿ ಶಿಕ್ಷಣ ಇಲಾಖೆ ಆರಂಭವಾಯಿತು. 1868ರಲ್ಲಿ ಬಿ. ಎಲ್. ರೈಸ್ ಅವರ ಹೋಬಳಿ ಶಾಲೆಗಳ ಯೋಜನೆ ರೂಪುಗೊಂಡಿತು. ಪ್ರತಿ ಹೋಬಳಿಗೊಂದು ಶಾಲೆ ಎಂಬುದು ಅದರ ಗುರಿ. ಅಲ್ಲಿ ಕಲಿಸುತ್ತಿದ್ದುದು ಕನ್ನಡ. ಇಂಗ್ಲಿಷ್ ಬೇಕಾದವರು ಜನರ ಬಾಯಲ್ಲಿ 'ಎ.ವಿ. ಸ್ಕೂಲು' ಎನಿಸಿದ ಆಂಗ್ಲೋ ವರ್ನಾಕ್ಯುಲರ್ ಶಾಲೆಯನ್ನು ಅರಸಿ ಪಟ್ಟಣಕ್ಕೆ ಹೋಗಬೇಕಾಗಿತ್ತು. ಪಂಚಾಂಗದ ಸ್ಥಾನಕ್ಕೆ ಇಲಾಖೆಯ ವೇಳಾಪಟ್ಟಿ ಬಂದಿತು. ಕಾಲಕ್ರಮದಲ್ಲಿ ಜೂನ್ ಶಾಲಾವರ್ಷದ ಮೊದಲ ತಿಂಗಳಾಯಿತು.

ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಲ್ಲಿ ಬಹುಕಾಲ ಇಂಗ್ಲಿಷ್ ಆರಂಭವಾಗುತ್ತಿದ್ದುದು ಐದನೆಯ ತರಗತಿಯಲ್ಲಿ. ಹಟ್ಟಿ, ಹಳ್ಳಿಗಳ ಕಿರಿಯ ಪ್ರಾಥಮಿಕ ಶಾಲೆ ನಾಲ್ಕಕ್ಕೆ ಮುಗಿಯುತ್ತಿದ್ದುದರಿಂದ, ಮುಂದೆ ಓದುವ ಮಗು ದೊಡ್ಡ ಊರಿಗೆ ನಡೆಯಬೇಕಿತ್ತು. ಹೊಸ ಊರು, ಹೊಸ ಮೇಷ್ಟ್ರು, ಹೊಸ ಭಾಷೆ ಮೂರೂ ಒಂದೇ ದಿನ ಎದುರಾಗುತ್ತಿದ್ದವು. ಪಾವಗಡ, ಮಧುಗಿರಿಗಳ ಗಡಿಭಾಗದಲ್ಲಿ ಮನೆಯಲ್ಲಿ ತೆಲುಗನ್ನಾಡುವ ಮಗುವಿಗೆ ಇಂಗ್ಲಿಷ್ ಮೂರನೆಯ ಭಾಷೆ. ಇದರ ಜೊತೆಗೆ ಮುಂಗಾರು. ಮಳೆಯನ್ನೇ ನಂಬಿದ ಈ ಕಡಲೆಕಾಯಿ ಸೀಮೆಯಲ್ಲಿ ಹೊಲ ಹದವಾಗುವುದೂ ಶಾಲೆಯ ಬಾಗಿಲು ತೆರೆಯುವುದೂ ಹೆಚ್ಚುಕಡಿಮೆ ಒಂದೇ ಕಾಲ. ಬಿತ್ತನೆಗೆ ನಿಂತ ಮಗು ತಡವಾಗಿ ಬಂದರೆ ಕಳೆದುಕೊಳ್ಳುತ್ತಿದ್ದುದು ಇಂಗ್ಲಿಷಿನ ಮೊದಲಕ್ಷರಗಳನ್ನು. ಕನ್ನಡ, ಗಣಿತಗಳಿಗೆ ಹಿಂದಿನ ನಾಲ್ಕು ವರ್ಷಗಳ ಆಸರೆಯಿತ್ತು, ಇಂಗ್ಲಿಷಿಗೆ ಅದಿರಲಿಲ್ಲ. ಮುಂದೆ 'ಇಂಗ್ಲಿಷ್ ಬಾರದವನು' ಎನಿಸಿಕೊಂಡು ಶಾಲೆ ಬಿಟ್ಟವರ ಚರಿತ್ರೆಯನ್ನು ಈ ಜೂನ್ ತಿಂಗಳಿನಿಂದಲೇ ಬರೆಯಬೇಕಾಗುತ್ತದೆ.

ತರಗತಿಯ ಒಳಗೆ ನಡೆದುದು ಇನ್ನೂ ಕುತೂಹಲಕರವಾದುದು. ನಾಲ್ಕು ಗೆರೆಯ ಪುಸ್ತಕ, ದೊಡ್ಡಕ್ಷರ, ಸಣ್ಣಕ್ಷರ ಇವೆಲ್ಲ ಹೊಸವು. ಬರೆದಂತೆ ಓದಬಹುದೆಂದು ಕಾಗುಣಿತದಿಂದ ಕಲಿತ ಮಗುವಿಗೆ, ಅಕ್ಷರದ ಹೆಸರೇ ಒಂದು ಉಚ್ಚಾರವೇ ಒಂದು ಎಂಬುದು ಒಗಟಿನಂತೆ ತೋರಿರಬೇಕು. ಅದನ್ನು ದಾಟಲು ತರಗತಿ ಆಶ್ರಯಿಸಿದ್ದು ಮಠದ ಹಳೆಯ ಉಪಾಯವನ್ನೇ. 'ಸಿ ಎ ಟಿ ಕ್ಯಾಟ್, ಕ್ಯಾಟ್ ಎಂದರೆ ಬೆಕ್ಕು' ಎಂದು ಒಬ್ಬ ಹೇಳಿಕೊಡುವುದು, ಉಳಿದವರು ದನಿಗೂಡಿಸುವುದು. ಲಯವೂ ಆವರ್ತನವೂ ಮಗ್ಗಿಯವು. ಪದಕ್ಕೆ ಪದಾರ್ಥ ಜೋಡಿಸುವ ಕ್ರಮ ನಿಘಂಟು ಪಾಠದ್ದು. 1963ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಶಿಕ್ಷಕರಿಗೆ ಹೊಸ ಬೋಧನಾಕ್ರಮಗಳಲ್ಲಿ ತರಬೇತಿ ನೀಡುತ್ತ ಬಂದಿದೆ. ಆದರೂ ಈ ರಾಗಪಾಠ ಸುಲಭವಾಗಿ ಅಳಿಯಲಿಲ್ಲ. ಅದನ್ನು ಬರಿಯ ಉರುಹೊಡೆತವೆಂದು ತಳ್ಳಿಹಾಕುವುದು ಅವಸರದ ತೀರ್ಮಾನ. ಪುಸ್ತಕವಿಲ್ಲದ ಮಗುವಿಗೆ ಪಕ್ಕದವನ ದನಿಯೇ ಪುಸ್ತಕವಾಗಿತ್ತು.

2007-08ರಿಂದ ಸರ್ಕಾರಿ ಶಾಲೆಗಳಲ್ಲಿ ಒಂದನೆಯ ತರಗತಿಯಿಂದಲೇ ಇಂಗ್ಲಿಷ್ ಒಂದು ಭಾಷೆಯಾಗಿ ಬಂದಿದೆ. ಹೀಗಾಗಿ ಹಿರಿಯ ಪ್ರಾಥಮಿಕ ಹಂತದ ಮೊದಲ ದಿನಗಳು ಅಕ್ಷರಾರಂಭದ ದಿನಗಳಾಗಿ ಉಳಿದಿಲ್ಲ. ವರ್ಷಾರಂಭದ 'ಸೇತುಬಂಧ'ದಲ್ಲಿ ಪೂರ್ವ ಪರೀಕ್ಷೆಯಿಂದ ಹಿಂದಿನ ಕಲಿಕೆಯನ್ನು ಅಳೆದು, ಕೊರತೆ ತುಂಬಿ, ಸಾಫಲ್ಯ ಪರೀಕ್ಷೆ ನಡೆಸುವ ಕ್ರಮವಿದೆ. ಕೋವಿಡ್ ಕಾಲದ ನಷ್ಟವನ್ನು ತುಂಬಲು 2022ರಲ್ಲಿ ಮೇ 16ರಂದೇ ಶಾಲೆಗಳು ತೆರೆದಾಗ ಮೊದಲ ದಿನಗಳನ್ನು 'ಮಳೆಬಿಲ್ಲು' ಎಂಬ ಹೆಸರಿನಲ್ಲಿ ಆಟ, ಹಾಡು, ಕಥೆಗಳಿಗೆ ಬಿಟ್ಟುಕೊಡಲಾಯಿತು. ತಳಿರು ತೋರಣ ಕಟ್ಟಿ, ಸಿಹಿ ಹಂಚಿ ಮಕ್ಕಳನ್ನು ಬರಮಾಡಿಕೊಳ್ಳುವ ಶಾಲಾ ಪ್ರಾರಂಭೋತ್ಸವದಲ್ಲಿಯೂ ಮಾನೋಮಿಯ ಕೆಲವು ಲಕ್ಷಣಗಳನ್ನು ಗುರುತಿಸಬಹುದು. ಅಂದು ಮಕ್ಕಳು ಊರಿನ ಬಾಗಿಲಿಗೆ ಹೋಗುತ್ತಿದ್ದರು. ಇಂದು ಊರು ಶಾಲೆಯ ಬಾಗಿಲಿಗೆ ಬರುತ್ತದೆ. ಆ ಬೆಳಿಗ್ಗೆ ಹಾಜರಿ ಕೂಗಿದಾಗ ಮಕ್ಕಳು ಒಬ್ಬೊಬ್ಬರಾಗಿ ಕೊಡುವ ಉತ್ತರ ಮಾತ್ರ ಬಹುಕಾಲದಿಂದ ಇಂಗ್ಲಿಷಿನದೇ: 'ಎಸ್ ಸಾರ್'.