ಮದ್ರಾಸಿನಿಂದ ಕರಾವಳಿಗೆ ಮರಳಿದವರು

ಸೆಂಟ್ರಲ್ ಸ್ಟೇಷನ್ನಿಗೆ ಹೋಗುವ ದಾರಿಯಲ್ಲಿ, ಮೌಂಟ್ ರೋಡಿನ ಆ ತುದಿಗೆ, ಐಲೆಂಡ್ ಮೈದಾನದ ಹತ್ತಿರ ಕುದುರೆ ಏರಿ ಕೂತಿರುವ ಸರ್ ಥಾಮಸ್ ಮನ್ರೋ ಅವರ ಪ್ರತಿಮೆಯನ್ನು ಚೆನ್ನೈಯಲ್ಲಿರುವ ನಾವೆಲ್ಲ ನೋಡಿದ್ದೇವೆ. ಕುದುರೆಗೆ ಜೀನೂ ಇಲ್ಲ, ರಿಕಾಪೂ ಇಲ್ಲ ಎಂದು ಮಕ್ಕಳಿಗೆ ಬಸ್ಸಿನ ಕಿಟಕಿಯಿಂದ ತೋರಿಸಿದ್ದೇವೆ. ಈ ಸಾಹೇಬರು ನಮ್ಮ ಕನ್ನಡ ಕರಾವಳಿಯ ಮೊದಲ ಕಲೆಕ್ಟರ್ ಆಗಿದ್ದರು ಎಂಬುದು ಮಾತ್ರ ನನಗೆ ಗೊತ್ತಾದದ್ದು ಇತ್ತೀಚೆಗೆ. ಅದೂ ನಮ್ಮ ಮನೆಯಲ್ಲಿ ನಡೆಯುತ್ತಿರುವ ಒಂದು ಮುಗಿಯದ ಚರ್ಚೆಯ ದೆಸೆಯಿಂದ.

ಚರ್ಚೆ ಇಷ್ಟೆ. ನಮ್ಮ ಮನೆಯವರು ಬರುವ ಮಾರ್ಚಿಯಲ್ಲಿ ನಿವೃತ್ತರಾಗುತ್ತಾರೆ. ಕುಂದಾಪುರದ ಹತ್ತಿರ ಅವರ ಹಿರಿಯರ ಮನೆ ಇದೆ. ಅಂಗಳ, ಬಾವಿ, ಇಪ್ಪತ್ತು ತೆಂಗಿನಮರ, ಎರಡು ಹಲಸು, ರಾತ್ರಿ ಮಲಗಿದರೆ ಕಡಲಿನ ಸದ್ದು. "ಅಲ್ಲಿಗೇ ಹೋಗಿಬಿಡೋಣ" ಎನ್ನುತ್ತಾರೆ ಅವರು. ನಾನು ಮೈಲಾಪುರದಲ್ಲಿ ಹುಟ್ಟಿ ಬೆಳೆದವಳು. ರಜೆಯಲ್ಲಿ ಎಂಟು ದಿನ ಅಲ್ಲಿ ಇರುವುದು ಬೇರೆ, ಉಳಿದ ಆಯುಷ್ಯವನ್ನೆಲ್ಲ ಅಲ್ಲಿ ಕಳೆಯುವುದು ಬೇರೆ. ಸಂಘದ ಗೆಳತಿಯರಲ್ಲೂ ಮೂರು ನಾಲ್ಕು ಮನೆಗಳಲ್ಲಿ ಇದೇ ಮಾತು ನಡೆಯುತ್ತಿದೆ ಎಂದು ಕೇಳಿದ್ದೇನೆ. ಹಾಗಾಗಿ ನಮಗಿಂತ ಮೊದಲು ಈ ಊರಿನಿಂದ ಆ ಊರಿಗೆ ಹೋದವರು ಯಾರು, ಅವರಿಗೆ ಏನಾಯಿತು ಎಂದು ಹುಡುಕಿ ಓದತೊಡಗಿದೆ.

ಮೊದಲು ಹೋದವರಲ್ಲಿ ಮನ್ರೋ ಸಾಹೇಬರು ಒಬ್ಬರು. 1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಮೇಲೆ ಕರಾವಳಿ ಈಸ್ಟ್ ಇಂಡಿಯಾ ಕಂಪನಿಯ ಕೈಗೆ ಬಂತು, ಮದ್ರಾಸಿನ ಆಡಳಿತಕ್ಕೆ ಸೇರಿತು. ಅದನ್ನು ಕೆನರಾ ಎಂದು ಕರೆದು ಮನ್ರೋ ಅವರನ್ನು ಅಲ್ಲಿಗೆ ಕಳಿಸಿದರು. ಅದಕ್ಕೆ ಮೊದಲು ಏಳು ವರ್ಷ ಅವರು ಇತ್ತ ಬಾರಾಮಹಲಿನಲ್ಲಿ, ಅಂದರೆ ಈಗಿನ ಧರ್ಮಪುರಿ, ಕೃಷ್ಣಗಿರಿ, ಸೇಲಂ ಕಡೆ ಇದ್ದವರು. ಧರ್ಮಪುರಿಯಲ್ಲಿ ತಾವೇ ಬೆಳೆಸಿದ ತೋಟವನ್ನು ಬಿಟ್ಟು ಹೋಗಲು ಅವರಿಗೆ ಮನಸ್ಸಿರಲಿಲ್ಲ. ಮಳೆಗಾಲದ ನಡುವೆ ಕರಾವಳಿಗೆ ಹೋಗಿ ಇಳಿದರು. ಆಮೇಲಿನ ಅವರ ಪತ್ರಗಳಲ್ಲಿ ಆ ಮಳೆಯ ಬಗ್ಗೆ ಗೊಣಗಾಟವೇ ಗೊಣಗಾಟ. ನಾವು ಇಂದು ಫೋಟೋ ತೆಗೆದು ಎಲ್ಲರಿಗೂ ಕಳಿಸುವ ಹಸಿರು, ಹೊಳೆ, ಕಡಲು ಎಲ್ಲವೂ ಅವರ ಕಣ್ಣ ಮುಂದೆಯೇ ಇದ್ದವು. ಆದರೂ ವರ್ಗಾವಣೆ ಕೇಳಿ, ಸುಮಾರು ಹದಿನೈದು ತಿಂಗಳಲ್ಲಿ, 1800ರ ಕೊನೆಗೆ ಬಳ್ಳಾರಿ ಕಡಪಗಳ ಬಿಸಿಲ ನಾಡಿಗೆ ಹೋಗಿಬಿಟ್ಟರು. ಅಷ್ಟು ಕಡಿಮೆ ಕಾಲದಲ್ಲೂ ಅವರು ಕೆಲಸವನ್ನೇನೂ ಕಡೆಗಣಿಸಲಿಲ್ಲ. ಇಲ್ಲಿ ಜಮೀನು ಬಹಳ ಹಿಂದಿನಿಂದ ಜನರ ಸ್ವಂತ ಆಸ್ತಿಯಾಗಿದೆ ಎಂದು ಅವರು ಬರೆದ ವರದಿಗಳನ್ನು ಇತಿಹಾಸ ಓದುವವರು ಇಂದಿಗೂ ತಿರುವಿಹಾಕುತ್ತಾರೆ. ಮುಂದೆ ಮದ್ರಾಸಿನ ಗವರ್ನರ್ ಆದರು, 1827ರಲ್ಲಿ ತೀರಿಕೊಂಡರು. ಪ್ರತಿಮೆ ಬಂದದ್ದು 1839ರಲ್ಲಿ.

ಅವರನ್ನು ನೋಡಿ ನಗುವ ಹಾಗಿಲ್ಲ. ಚೆನ್ನೈಗೆ ವರ್ಷಕ್ಕೆ ಸುಮಾರು 1400 ಮಿಲಿಮೀಟರ್ ಮಳೆ, ಅದರಲ್ಲಿ ಹೆಚ್ಚಿನದು ಅಕ್ಟೋಬರಿನಿಂದ ಡಿಸೆಂಬರಿನೊಳಗೆ. ಮಂಗಳೂರು, ಉಡುಪಿ, ಕುಂದಾಪುರದ ಕಡೆ ಮೂರೂವರೆ ಸಾವಿರದ ಮೇಲೆ, ಅದರ ಬಹುಪಾಲು ಜೂನಿನಿಂದ ಸೆಪ್ಟೆಂಬರಿನೊಳಗೆ. ನಮ್ಮ ಊರಿನ ಇಡೀ ವರ್ಷದ ಮಳೆಯ ಮುಕ್ಕಾಲು ಭಾಗ ಅಲ್ಲಿ ಬರಿಯ ಜುಲೈ ಒಂದರಲ್ಲೇ ಸುರಿಯುವುದುಂಟು. ಬಟ್ಟೆ ಒಣಗುವುದಿಲ್ಲ, ಹಪ್ಪಳ ಮೆತ್ತಗಾಗುತ್ತದೆ, ಬೀರುವಿನಲ್ಲಿಟ್ಟ ರೇಷ್ಮೆ ಸೀರೆಗೆ ಬೂಷ್ಟು ಹಿಡಿಯುತ್ತದೆ. ನಮ್ಮ ಅತ್ತೆಯವರು ಹಲಸಿನ ಹಪ್ಪಳ, ಉಪ್ಪಿನಕಾಯಿ, ಒಣ ಕಟ್ಟಿಗೆ ಎಲ್ಲವನ್ನೂ ಮೇ ತಿಂಗಳಲ್ಲೇ ಅಟ್ಟಕ್ಕೆ ಸೇರಿಸುತ್ತಿದ್ದುದು ಯಾಕೆಂದು ನನಗೆ ಅರ್ಥವಾಗಲು ಒಂದು ಮಳೆಗಾಲ ಬೇಕಾಯಿತು.

ಮಳೆಯ ಮೇಲೆ ದೂರ ಬೇರೆ. 1862ರಲ್ಲಿ ಉತ್ತರ ಕನ್ನಡವನ್ನು ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದರು. ಧಾರವಾಡದ ಕಡೆಯ ಹತ್ತಿಯನ್ನು ಕಾರವಾರದ ಬಂದರಿನಿಂದ ಸಾಗಿಸಬೇಕೆಂಬುದು ಅದರ ಹಿಂದಿನ ಲೆಕ್ಕಾಚಾರ. ದಕ್ಷಿಣ ಕನ್ನಡ 1956ರವರೆಗೂ ಮದ್ರಾಸಿನಲ್ಲೇ ಉಳಿಯಿತು. ಹಾಗಾಗಿ ಆ ಜಿಲ್ಲೆಯವರಿಗೆ ಹೈಕೋರ್ಟು, ಮೆಡಿಕಲ್ ಕಾಲೇಜು, ವಿಶ್ವವಿದ್ಯಾಲಯ ಎಲ್ಲಕ್ಕೂ ಮದ್ರಾಸೇ. ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ, ಅದೂ ಮಲಬಾರನ್ನು ಸುತ್ತಿಕೊಂಡು. ಇವತ್ತಿಗೂ ಮಂಗಳೂರು ಮೇಲ್ ರಾತ್ರಿ ಇಲ್ಲಿಂದ ಹೊರಟು ಮರುದಿನ ಮಧ್ಯಾಹ್ನ ಅಲ್ಲಿ ಮುಟ್ಟುವುದು ಆ ಹಳೆಯ ದಾರಿಯಲ್ಲೇ. ಮಂಗಳೂರಿನಿಂದ ಬಡಗಿಗೆ ಹೋಗಬೇಕಾದರೆ ಮತ್ತೆ ಹೊಳೆಗಳು. ಒಂದೊಂದು ಕಡವಿನಲ್ಲೂ ಇಳಿದು, ದೋಣಿ ದಾಟಿ, ಆಚೆ ದಡದಲ್ಲಿ ಇನ್ನೊಂದು ಬಸ್ಸು ಹಿಡಿಯಬೇಕಿತ್ತೆಂದು ನಮ್ಮ ಮಾವನವರು ಹೇಳುತ್ತಿದ್ದರು.

ಇಂಥ ದೂರದಿಂದ ಮದ್ರಾಸಿಗೆ ಬಂದು, ಇಲ್ಲೇ ನೆಲೆ ನಿಂತವರ ಕತೆ ನಮಗೆಲ್ಲ ಬಾಯಿಪಾಠ. ಕಡಂದಲೆಯ ಕೃಷ್ಣರಾಯರು, ಅವರ ವುಡ್‌ಲ್ಯಾಂಡ್ಸ್, 1962ರಲ್ಲಿ ತೆರೆದು 2008ರಲ್ಲಿ ಮುಚ್ಚಿದ ಕೆಥೀಡ್ರಲ್ ರೋಡಿನ ಡ್ರೈವ್-ಇನ್ ಇವನ್ನೆಲ್ಲ ಪ್ರತಿ ಸಂಚಿಕೆಯಲ್ಲೂ ಯಾರಾದರೊಬ್ಬರು ನೆನೆಯುತ್ತಾರೆ. ಇಲ್ಲಿಗೆ ಬಂದು, ಕಲಿತು, ಮತ್ತೆ ಆ ಸಣ್ಣ ಊರುಗಳಿಗೇ ಮರಳಿದವರ ನೆನಪು ನಮಗೆ ಕಡಿಮೆ.

ಮಂಜೇಶ್ವರ ಗೋವಿಂದ ಪೈಗಳು 1883ರಲ್ಲಿ ಹುಟ್ಟಿದವರು. ಮಂಗಳೂರಿನಲ್ಲಿ ಓದಿ, ಮದ್ರಾಸು ಕ್ರಿಶ್ಚಿಯನ್ ಕಾಲೇಜಿಗೆ ಬಂದರು. ಈಗ ತಾಂಬರಂನಲ್ಲಿರುವ ಆ ಕಾಲೇಜು ಆಗ ಜಾರ್ಜ್ ಟೌನಿನಲ್ಲಿತ್ತು, 1937ರಲ್ಲಿ ತಾಂಬರಂಗೆ ಹೋಯಿತು. ತಂದೆಯ ಕಾರಣಕ್ಕೆ ಪೈಗಳು ಬಿ.ಎ. ಪೂರ್ತಿ ಮಾಡದೆ ಊರಿಗೆ ಮರಳಬೇಕಾಯಿತು. ಆಮೇಲೆ ಬದುಕಿನ ಬಹುಭಾಗವನ್ನು ಕಳೆದದ್ದು ಮಂಜೇಶ್ವರದಲ್ಲಿ. ಒಂದು ಕಡೆ ಕಡಲು, ಒಂದು ಕಡೆ ಹೊಳೆ, ನಡುವೆ ಒಂದಿಷ್ಟು ಮನೆ, ದೇವಸ್ಥಾನ, ಪೇಟೆ. ಪದವಿಯೂ ಇಲ್ಲದೆ, ದೊಡ್ಡ ಗ್ರಂಥಾಲಯದ ನೆರಳೂ ಇಲ್ಲದೆ ಅವರು ಅಲ್ಲಿ ಕೂತು ಮಾಡಿದ ಕೆಲಸ ನೋಡಿದರೆ ಬೆರಗಾಗುತ್ತದೆ. ಇಪ್ಪತ್ತಕ್ಕೂ ಹೆಚ್ಚು ಭಾಷೆಗಳ ಪರಿಚಯ ಮಾಡಿಕೊಂಡರು. ಕನ್ನಡ ಕವಿತೆಯನ್ನು ದ್ವಿತೀಯಾಕ್ಷರ ಪ್ರಾಸದ ಕಟ್ಟಿನಿಂದ ಬಿಡಿಸಿದವರಲ್ಲಿ ಮೊದಲಿಗರಾದರು. 1930ರಲ್ಲಿ 'ಗಿಳಿವಿಂಡು' ಹೊರಬಂತು. ಈಜಿಪ್ಟಿನ ಮರಳಿನಲ್ಲಿ ಸಿಕ್ಕಿದ ಹಳೆಯ ಗ್ರೀಕ್ ಪ್ರಹಸನದ ಹಾಳೆಗಳಲ್ಲಿ ಇರುವ ಅರ್ಥವಾಗದ ಮಾತುಗಳು ಕನ್ನಡವೇ ಎಂಬ ವಾದದ ಬಗ್ಗೆ ಅವರು ಬರೆದದ್ದೂ ಮಂಜೇಶ್ವರದ ಮನೆಯಲ್ಲಿ ಕೂತು. ಲೋಕ ಆ ಮನೆಗೆ ಪುಸ್ತಕಗಳ ಕಟ್ಟಾಗಿ, ಪತ್ರಗಳಾಗಿ ಬಂತು. ಪೈಗಳು ಲೋಕವನ್ನು ಹುಡುಕಿಕೊಂಡು ಹೆಚ್ಚು ಹೋಗಲಿಲ್ಲ.

1949ರಲ್ಲಿ ಮದ್ರಾಸು ಸರ್ಕಾರ ಅವರನ್ನು ರಾಷ್ಟ್ರಕವಿ ಎಂದು ಗೌರವಿಸಿತು. ಅಂದರೆ ಕನ್ನಡದ ಮೊದಲ ರಾಷ್ಟ್ರಕವಿ ಪದವಿ ಹೊರಟದ್ದು ನಮ್ಮ ಈ ಊರಿನಿಂದ. ಇದನ್ನು ನಮ್ಮ ಮಕ್ಕಳಿಗೆ ಯಾರೂ ಹೇಳುವುದಿಲ್ಲ! 1956ರ ನವೆಂಬರ್ 1ರಂದು ದಕ್ಷಿಣ ಕನ್ನಡ ಮೈಸೂರು ರಾಜ್ಯಕ್ಕೆ ಸೇರಿದಾಗ ಕಾಸರಗೋಡು ತಾಲೂಕು, ಅದರೊಳಗಿನ ಮಂಜೇಶ್ವರವೂ ಸೇರಿ, ಕೇರಳಕ್ಕೆ ಹೋಯಿತು. ಎಪ್ಪತ್ತಮೂರು ವರ್ಷದ ಪೈಗಳು ಕೂತಲ್ಲೇ ಇದ್ದರು, ಅವರ ಕಾಲಡಿಯ ರಾಜ್ಯ ಬದಲಾಯಿತು. ಆ ನೋವು ಅವರನ್ನು ಕೊನೆಯವರೆಗೂ ಬಿಡಲಿಲ್ಲ. 1963ರಲ್ಲಿ ತೀರಿಕೊಂಡರು. ಅವರ ಪುಸ್ತಕಗಳು ಉಡುಪಿಯ ಎಂ.ಜಿ.ಎಂ. ಕಾಲೇಜಿನಲ್ಲಿ, ಅವರ ಹೆಸರಿನ ಸಂಶೋಧನ ಕೇಂದ್ರದಲ್ಲಿವೆ. ಮಂಜೇಶ್ವರದ ಅವರ ಮನೆ ಈಗ 'ಗಿಳಿವಿಂಡು' ಎಂಬ ಹೆಸರಿನಲ್ಲಿ ಸ್ಮಾರಕವಾಗಿದೆ.

ಪೈಗಳ ಬಗ್ಗೆ ಓದುತ್ತ ನನಗೆ ಒಂದು ಸಣ್ಣ ಅಸಮಾಧಾನವೂ ಆಯಿತು. ಅಷ್ಟು ಓದು ಬರಹ ನಡೆದ ಮನೆಯಲ್ಲಿ ಬಂದವರಿಗೆ ಕಾಫಿ, ಊಟ ಆಗಿಯೇ ಇರಬೇಕಲ್ಲ, ಆ ಮನೆಯ ಹೆಂಗಸರ ಮಾತು ಎಲ್ಲೂ ಹೆಚ್ಚಾಗಿ ಕಾಣುವುದಿಲ್ಲ. ನಮ್ಮ ಮನೆಯ ಚರ್ಚೆಯೂ ಕಡೆಗೆ ಬಂದು ನಿಲ್ಲುವುದು ಇಲ್ಲೇ. ಗಂಡಸರು ನಿವೃತ್ತರಾಗಿ ಊರಿಗೆ ಹೋಗುತ್ತಾರೆ. ಬಾವಿ, ತೆಂಗು, ನೆಂಟರು, ಹಬ್ಬ, ಬಂದುಹೋಗುವವರು, ಇವೆಲ್ಲ ಇರುವ ಮನೆಯಲ್ಲಿ ಹೆಂಗಸಿಗೆ ಎಂಥ ನಿವೃತ್ತಿ?

ಆ ಪ್ರಶ್ನೆಯನ್ನು ಇಟ್ಟುಕೊಂಡು ಹುಡುಕುವಾಗ ಸಿಕ್ಕಿದವರು ಸರಸ್ವತಿಬಾಯಿ ರಾಜವಾಡೆ. 'ಗಿರಿಬಾಲೆ' ಎಂಬ ಹೆಸರಿನಲ್ಲಿ ಕತೆ ಬರೆದವರು. 1913ರಲ್ಲಿ ದಕ್ಷಿಣ ಕನ್ನಡದ ಬಡ ಮನೆಯಲ್ಲಿ ಹುಟ್ಟಿದರು. ಚಿಕ್ಕ ವಯಸ್ಸಿನಲ್ಲೇ ಕುಂಭಕೋಣದ ಶ್ರೀಮಂತ ಮನೆತನದ, ತಮಗಿಂತ ತುಂಬಾ ಹಿರಿಯರಾದ ರಾಜವಾಡೆಯವರ ಕೈಹಿಡಿದರು. ಕುಂಭಕೋಣ, ಸಿಂಗಾಪುರ ಎಂದು ದೊಡ್ಡ ಮನೆಯ ಬದುಕು. ತಮಿಳು ನಾಡಿನ ನಡುವೆ ಇದ್ದುಕೊಂಡೂ ಕನ್ನಡದಲ್ಲಿ ಬರೆದರು. ನಾವು ಇಲ್ಲಿ ಮಾಡುತ್ತಿರುವುದೂ ಅದನ್ನೇ ಅಲ್ಲವೇ? ಕಡೆಗೆ ಉಡುಪಿಗೆ ಬಂದು ನೆಲೆಸಿದರು. ಬಂದವರು ಮೂಲೆ ಹಿಡಿದು ಕೂರಲಿಲ್ಲ. 'ಸುಪ್ರಭಾತ' ಎಂಬ ಪತ್ರಿಕೆ ನಡೆಸಿದರು. ಚಿಟ್ಪಾಡಿಯಲ್ಲಿ ಶಾರದೆಯ ಗುಡಿ ಕಟ್ಟಿಸಿದರು. ಐವತ್ತರ ದಶಕದ ಉಡುಪಿಯಲ್ಲಿ ಹೆಂಗಸೊಬ್ಬಳು ಸಂಪಾದಕಿಯ ಕುರ್ಚಿಯಲ್ಲಿ ಕೂರುವುದೆಂದರೆ ಹೇಗಿದ್ದೀತು ಎಂದು ಊಹಿಸಿಕೊಳ್ಳಿ. 1994ರಲ್ಲಿ ತೀರಿಕೊಂಡರು. ಲೇಖಕಿ ವೈದೇಹಿಯವರು ಅವರ ನೆನಪುಗಳನ್ನು ಕೇಳಿ ಬರೆದಿಟ್ಟಿದ್ದಾರೆ, ಇಲ್ಲದಿದ್ದರೆ ಅದೂ ನಮಗೆ ಸಿಗುತ್ತಿರಲಿಲ್ಲ. ಗೆಳತಿಯರೇ, ಸಿಕ್ಕರೆ ಓದಿ.

ಇನ್ನೊಬ್ಬರನ್ನು ಬಿಡುವ ಹಾಗಿಲ್ಲ, ಯಾಕೆಂದರೆ ನಮ್ಮ ಮನೆಯವರ ವಾದದ ಅರ್ಧ ನಿಂತಿರುವುದು ಅವರ ಮೇಲೆ. ಕಲ್ಯಾಣಪುರದ ಡಾ. ಟಿ.ಎಂ.ಎ. ಪೈಗಳು ನಮ್ಮ ಸೆಂಟ್ರಲ್ ಎದುರಿನ ಮದ್ರಾಸು ಮೆಡಿಕಲ್ ಕಾಲೇಜಿನಲ್ಲಿ ಓದಿದವರು. ದೂರ ಎಲ್ಲಾದರೂ ಹೋಗುವ ಯೋಚನೆ ಇತ್ತಂತೆ, ತಾಯಿ ಊರಲ್ಲೇ ಇರು ಎಂದರಂತೆ. 1925ರಲ್ಲಿ ಉಡುಪಿ ಕಡೆಗೆ ಮರಳಿ, ವೈದ್ಯವೃತ್ತಿಯ ಜೊತೆಗೆ ಅಣ್ಣ ಉಪೇಂದ್ರ ಪೈ ಮತ್ತು ವಾಮನ ಕುಡ್ವ ಅವರೊಂದಿಗೆ ಸಿಂಡಿಕೇಟ್ ಬ್ಯಾಂಕನ್ನು ಹುಟ್ಟುಹಾಕಿದರು. 1928ರಿಂದ ಮನೆಮನೆಗೆ ಹೋಗಿ ದಿನಕ್ಕೆ ಎರಡಾಣೆ ಕೂಡಿಸುವ ಪಿಗ್ಮಿ ಠೇವಣಿ ಬಂತು. ನಮ್ಮ ಅತ್ತೆಯವರ ಸಾಸಿವೆ ಡಬ್ಬಿಯ ದುಡ್ಡು ಮೊದಲ ಸಲ ಅವರದೇ ಹೆಸರಿನಲ್ಲಿ ಪುಸ್ತಕ ಏರಿದ್ದು ಹಾಗೆ. 1953ರಲ್ಲಿ ಮಣಿಪಾಲದ ಬೋಳುಗುಡ್ಡದ ಮೇಲೆ ಕಸ್ತೂರ್ಬಾ ಮೆಡಿಕಲ್ ಕಾಲೇಜು ಶುರುವಾಯಿತು. ಎದೆನೋವು ಬಂದರೆ ಮದ್ರಾಸಿಗೆ ಓಡಬೇಕಿದ್ದ ಕಾಲ ಹಾಗೆ ಮುಗಿಯಿತು. "ಆಸ್ಪತ್ರೆ ಒಂದು ಗಂಟೆಯೊಳಗೆ ಇದೆಯಲ್ಲ, ಇನ್ನೇನು?" ಎಂಬುದು ಇವರ ದೊಡ್ಡ ಅಸ್ತ್ರ. ಅದರ ಮೇಲೆ 1998ರ ಜನವರಿಯಲ್ಲಿ ಪೂರ್ತಿಯಾದ ಕೊಂಕಣ ರೈಲ್ವೆ ಬೇರೆ. ಕಡವುಗಳ ಕಾಲ ಮುಗಿದು, ಈಗ ಕುಂದಾಪುರದಲ್ಲೇ ರೈಲಿಳಿಯಬಹುದು.

ನನ್ನ ಕಡೆಯ ಪಟ್ಟಿಯೂ ಸಣ್ಣದಲ್ಲ. ಹೊಳೆಯ ಬಾಯಿಗೆ ಹತ್ತಿರದ ಬಾವಿಗಳಲ್ಲಿ ಏಪ್ರಿಲ್, ಮೇ ಬಂತೆಂದರೆ ನೀರು ಉಪ್ಪಾಗುತ್ತದೆ. 2019ರ ಬೇಸಿಗೆಯಲ್ಲಿ ಇಲ್ಲಿ ಲಾರಿ ನೀರಿಗೆ ಕೊಡ ಹಿಡಿದು ನಿಂತವಳು ನಾನು, ಅಲ್ಲಿ ಹೋಗಿ ಮತ್ತೆ ಕೊಡ ಹಿಡಿಯಲಾರೆ. ಮರವಂತೆ, ಉಳ್ಳಾಲಗಳಲ್ಲಿ ಕಡಲ್ಕೊರೆತಕ್ಕೆ ಕಲ್ಲು ಸುರಿಯುವುದನ್ನು ಪ್ರತಿ ಮಳೆಗಾಲ ಟಿ.ವಿ.ಯಲ್ಲಿ ನೋಡುತ್ತೇವೆ. ಕಡಲ ಪಕ್ಕ ಹೊಸ ಕೋಣೆ ಕಟ್ಟಿಸುವುದಾದರೆ 1991ರಿಂದ ಕರಾವಳಿ ನಿಯಂತ್ರಣ ವಲಯದ ನಿಯಮಗಳಿವೆ, ಭರತದ ಗೆರೆಯಿಂದ 500 ಮೀಟರಿನೊಳಗೆ ಮನಸ್ಸಿಗೆ ಬಂದಂತೆ ಕಟ್ಟುವ ಹಾಗಿಲ್ಲ. ಇನ್ನು ಊರಿನ ಎಳೆಯರೆಲ್ಲ ಬೆಂಗಳೂರು, ದುಬೈ ಎಂದು ಹೋಗಿದ್ದಾರೆ. ನಮ್ಮ ಓಣಿಯ ಏಳು ಮನೆಗಳಲ್ಲಿ ನಾಲ್ಕಕ್ಕೆ ಬೀಗ.

ಇದನ್ನೆಲ್ಲ ಊರಿನಲ್ಲಿರುವ ಇವರ ಅತ್ತಿಗೆಗೆ ಫೋನಿನಲ್ಲಿ ಹೇಳಿದೆ. ಎಲ್ಲ ಕೇಳಿಸಿಕೊಂಡು, ಅವರು ತಮ್ಮ ಕುಂದಗನ್ನಡದಲ್ಲಿ, "ಬಪ್ಪುದಾರೆ ಆಸಾಡಿ ತಿಂಗ್ಳಲ್ ಬನಿ, ಆಮೇಲ್ ಕಾಂಬ" ಎಂದರು. ಬರುವುದಾದರೆ ಆಷಾಢದ ಮಳೆಯಲ್ಲೇ ಬಂದು ನೋಡಿ ಎಂದರ್ಥ. ಮನ್ರೋ ಸಾಹೇಬರನ್ನು ಓಡಿಸಿದ ತಿಂಗಳು!

ಜುಲೈ ಮೊದಲ ವಾರಕ್ಕೆ ಮಂಗಳೂರು ಮೇಲಿನಲ್ಲಿ ಎರಡು ಟಿಕೆಟ್ ತೆಗೆದಿದ್ದೇವೆ. ಒಂದು ತಿಂಗಳು ಇರುವ ಯೋಚನೆ. ದಾರಿಯಲ್ಲಿ ಮಂಜೇಶ್ವರಕ್ಕೆ ಇಳಿದು 'ಗಿಳಿವಿಂಡು' ನೋಡಬೇಕು, ಉಡುಪಿಯಲ್ಲಿ ಚಿಟ್ಪಾಡಿಗೆ ಹೋಗಬೇಕು. ಇವರು ಹಳೆಯ ಕೊಡೆಗಳನ್ನು ರಿಪೇರಿಗೆ ಕೊಟ್ಟು ಬಂದಿದ್ದಾರೆ. ನಾನು ರೇಷ್ಮೆ ಸೀರೆ ಒಂದನ್ನೂ ಪೆಟ್ಟಿಗೆಗೆ ಹಾಕಿಲ್ಲ.