ಅಪ್ಪನ ಪೀಪಾಯಿಗಳು

ಕೊನ್ಯಾಕ್ ಒಂದು ಮದ್ಯದ ಹೆಸರೆಂದು ನಮ್ಮಲ್ಲಿ ಹಲವರಿಗೆ ಗೊತ್ತು; ಅದೊಂದು ಊರಿನ ಹೆಸರೂ ಹೌದೆಂಬುದು ಅಷ್ಟಾಗಿ ಗೊತ್ತಿಲ್ಲ. ಫ್ರಾನ್ಸಿನ ಪಶ್ಚಿಮಕ್ಕೆ, ಅಟ್ಲಾಂಟಿಕ್ ಕಡಲಿಗೆ ಬಹಳ ದೂರವಲ್ಲದ ಕಡೆ, ಶಾರಾಂತ್ ಎಂಬ ಸಾವಕಾಶದ ನದಿಯ ದಂಡೆಯ ಮೇಲೆ ಈ ಊರಿದೆ. ಅಲ್ಲಿಯ ಹಳೆಯ ಉಗ್ರಾಣಗಳ ಸುಣ್ಣಕಲ್ಲಿನ ಗೋಡೆಗಳು ಮಸಿ ಬಳಿದಂತೆ ಕಪ್ಪಾಗಿವೆ. ಕಾರ್ಖಾನೆಯ ಹೊಗೆಯೇನೋ ಎನ್ನಿಸಬೇಕು, ಹಾಗೆ. ಒಳಗಿಟ್ಟ ಪೀಪಾಯಿಗಳಿಂದ ಹಗಲೂ ರಾತ್ರಿ ಆವಿಯಾಗಿ ಹೋಗುವ ಮದ್ಯಸಾರವನ್ನು ಉಂಡು ಬೆಳೆಯುವ ಬೂಷ್ಟು ಅದು. ಆ ಊರಿನ ಬೋದುವಾಂ ಎಂಬ ಔಷಧಶಾಸ್ತ್ರಜ್ಞ 1872ರಲ್ಲಿ ಅದನ್ನು ಗುರುತಿಸಿ ಬರೆದ. ಈಗ ಅದರ ವೈಜ್ಞಾನಿಕ ನಾಮಧೇಯದಲ್ಲಿ ಅವನ ಹೆಸರೂ ಇದೆ, ಊರಿನ ಹೆಸರೂ ಇದೆ.

ಬ್ರಾಂದಿಯೆಂದರೆ ನಮಗೆ ನೆನಪಾಗುವುದೇ ಬೇರೆ. ನಮ್ಮ ಪೇಟೆಯ ಬ್ರಾಂದಿಯ ಬಹುಪಾಲು ಸಕ್ಕರೆ ಕಾರ್ಖಾನೆಯ ಕಾಕಂಬಿಯಿಂದ ಹುಟ್ಟಿದ್ದು. ನೆಗಡಿಗೆಂದು ಒಂದು ಚಮಚ ಕುಡಿಸುತ್ತಿದ್ದ ಮಡಿವಂತರ ಮನೆಗಳೂ ಉಂಟು. ಔಷಧವೆಂದ ಮೇಲೆ ದೋಷವಿಲ್ಲ. ಕೊನ್ಯಾಕಿನದು ದ್ರಾಕ್ಷಿಯ ವಂಶ. ಹುಳಿ ಹೆಚ್ಚಿರುವ, ಕುಡಿಯಲು ಅಷ್ಟೇನೂ ರುಚಿಸದ ಬಿಳಿ ದ್ರಾಕ್ಷಾರಸವನ್ನು ತಾಮ್ರದ ಹಂಡೆಯಲ್ಲಿ, ನೇರ ಬೆಂಕಿಯ ಮೇಲೆ, ಎರಡು ಸಲ ಬಟ್ಟಿ ಇಳಿಸುತ್ತಾರೆ. ಸುಮಾರು ಒಂಬತ್ತು ಲೀಟರ್ ರಸಕ್ಕೆ ಒಂದು ಲೀಟರ್ ಸಾರ. ಸುಗ್ಗಿಯ ಮುಂದಿನ ವರ್ಷದ ಮಾರ್ಚ್ 31ರೊಳಗೆ ಬಟ್ಟಿ ಕೆಲಸ ಮುಗಿದಿರಬೇಕೆಂಬುದು ಕಾನೂನು. 17ನೇ ಶತಮಾನದಲ್ಲಿ ಉಪ್ಪು ಮತ್ತು ದ್ರಾಕ್ಷಾರಸ ಒಯ್ಯಲು ಈ ನದಿಗೆ ಬರುತ್ತಿದ್ದ ಡಚ್ ವರ್ತಕರಿಗೆ ಬಟ್ಟಿ ಇಳಿಸಿದ ಸರಕು ಅನುಕೂಲವಾಗಿತ್ತು: ಹಡಗಿನಲ್ಲಿ ಜಾಗ ಕಡಿಮೆ, ದಾರಿಯಲ್ಲಿ ಕೆಡುವ ಭಯವಿಲ್ಲ. 'ಸುಟ್ಟ ದ್ರಾಕ್ಷಾರಸ' ಎಂಬರ್ಥದ ಅವರ ಮಾತೇ ಬ್ರಾಂದಿ ಎಂದಾಯಿತು. 1715ರಲ್ಲಿ ಜರ್ಸಿ ದ್ವೀಪದ ಮಾರ್ಟೆಲ್, 1765ರಲ್ಲಿ ಐರ್ಲೆಂಡಿನ ಹೆನ್ನೆಸಿ ಇಲ್ಲಿ ಅಂಗಡಿ ತೆರೆದರು. ಫ್ರಾನ್ಸಿನ ಹೆಮ್ಮೆಯೆನಿಸಿದ ಈ ಪಾನೀಯವನ್ನು ಲೋಕಕ್ಕೆ ಹಂಚಿದವರಲ್ಲಿ ಪರದೇಶಿಗಳೇ ಮುಂದು.

ಹಂಡೆಯಿಂದ ಇಳಿದ ಸಾರ ನೀರಿನಂತೆ ಬಣ್ಣವಿಲ್ಲದ್ದು. ಶೇಕಡಾ 70ರಷ್ಟು ಖಾರ. ಅದಕ್ಕೆ ಬಣ್ಣ, ವಾಸನೆ, ಸಭ್ಯತೆ ಎಲ್ಲ ಬರುವುದು ಓಕ್ ಮರದ ಪೀಪಾಯಿಯಲ್ಲಿ. ಮರ ಲಿಮೂಸ್ಯಾಂ ಪ್ರದೇಶದ್ದು, ಇಲ್ಲವೆ ತ್ರೋನ್ಸೇ ಕಾಡಿನದು. ತ್ರೋನ್ಸೇ ಕಾಡನ್ನು 17ನೇ ಶತಮಾನದಲ್ಲಿ ಮಂತ್ರಿ ಕೋಲ್ಬೇರ್ ಬೆಳೆಸಿದ್ದು ಮುಂದಿನ ಪೀಳಿಗೆಗಳ ಯುದ್ಧನೌಕೆಗಳಿಗಾಗಿ. ಮರ ಬಲಿಯುವಷ್ಟರಲ್ಲಿ ಹಡಗುಗಳು ಕಬ್ಬಿಣದವಾಗಿದ್ದವು, ಬ್ರಾಂದಿಯವರಿಗೆ ಒಳ್ಳೆಯದಾಯಿತು.

ಮರದಲ್ಲಿಟ್ಟ ಸಾರ ವರ್ಷಕ್ಕೆ ಸುಮಾರು ಶೇಕಡಾ 2ರಷ್ಟು ಗಾಳಿಗೆ ಹೋಗುತ್ತದೆ. ಅದನ್ನು ಅಲ್ಲಿಯವರು ದೇವದೂತರ ಪಾಲು ಎನ್ನುತ್ತಾರೆ. ನಮ್ಮ ದೇವರುಗಳು ನೈವೇದ್ಯವನ್ನು ಕಣ್ಣಲ್ಲೇ ಉಂಡು ತಟ್ಟೆಯನ್ನು ನಮಗೇ ಬಿಡುತ್ತಾರೆ. ಅಲ್ಲಿಯವರು ಹಾಗಲ್ಲ, ಕುಡಿದೇ ಹೋಗುತ್ತಾರೆ. ಲೆಕ್ಕ ಹಾಕಿ ನೋಡಿ: ಐವತ್ತು ವರ್ಷ ಇಟ್ಟರೆ ಉಳಿಯುವುದು ಮೂರನೆಯ ಒಂದು ಪಾಲಿಗಿಂತ ತುಸು ಹೆಚ್ಚು. ಅಷ್ಟು ಹೊತ್ತಿಗೆ ಮರ ಕೊಡಬೇಕಾದ್ದನ್ನೆಲ್ಲ ಕೊಟ್ಟಿರುತ್ತದೆ. ಇನ್ನೂ ಬಿಟ್ಟರೆ ಒಗರು. ಆಗ ಅದನ್ನು ದೊಡ್ಡ ಗಾಜಿನ ಬುರುಡೆಗಳಿಗೆ ತುಂಬಿ, ಬಾಯಿ ಬಿಗಿದು, ಉಗ್ರಾಣದ ಒಂದು ಮೂಲೆಯಲ್ಲಿಡುತ್ತಾರೆ. ಆ ಮೂಲೆಗೆ 'ಸ್ವರ್ಗ' ಎಂದು ಹೆಸರು. ಗಾಜಿನೊಳಗೆ ಹೋದ ಸಾರಕ್ಕೆ ವಯಸ್ಸಾಗುವುದಿಲ್ಲ. 1900ರಲ್ಲಿ ಬಟ್ಟಿ ಇಳಿದು ಐವತ್ತು ವರ್ಷ ಮರದಲ್ಲಿದ್ದದ್ದು ಇಂದಿಗೂ ಐವತ್ತು ವರ್ಷದ್ದೇ. ಹೆನ್ನೆಸಿಯವರ ಸ್ವರ್ಗದಲ್ಲಿ 1800ರ ಸಾರವೂ ಇದೆ. ಆ ಮನೆಯಲ್ಲಿ ರುಚಿ ನೋಡಿ ಮಿಶ್ರಣ ಮಾಡುವ ಕೆಲಸ ಫಿಯ್ಯು ಎಂಬ ಒಂದೇ ಕುಟುಂಬದ್ದು, ಎಂಟು ತಲೆಮಾರಿನಿಂದ. ಮೊಮ್ಮಗ ಬೆರೆಸುವುದು ಅಜ್ಜ ತುಂಬಿಟ್ಟದ್ದನ್ನು. ತಾನು ತುಂಬಿಡುವುದು ಇನ್ನೂ ಹುಟ್ಟದವನಿಗೆ.

ಹೀಗೆ ಕೂಡಿಡುವುದಕ್ಕೆ ರುಚಿಯೊಂದೇ ಕಾರಣವಲ್ಲವೆಂದು ನನಗೆ ತೋರುತ್ತದೆ. 1870ರ ದಶಕದಲ್ಲಿ ಅಮೆರಿಕದಿಂದ ಬಂದ ಫಿಲಾಕ್ಸೆರಾ ಎಂಬ ಹೇನು ಬಳ್ಳಿಗಳ ಬೇರು ತಿನ್ನತೊಡಗಿತು. ಸುಮಾರು 2,80,000 ಹೆಕ್ಟೇರಿನಷ್ಟಿದ್ದ ದ್ರಾಕ್ಷಿತೋಟ 1893ರ ಹೊತ್ತಿಗೆ 40,000ದ ಆಸುಪಾಸಿಗೆ ಇಳಿಯಿತು. ಪರಿಹಾರ ಹುಡುಕಿಕೊಂಡು 1887ರಲ್ಲಿ ಪಿಯೇರ್ ವಿಯಾಲಾ ಅಮೆರಿಕಕ್ಕೆ ಹೋದ. ಟೆಕ್ಸಾಸಿನ ಡೆನಿಸನ್ನಿನಲ್ಲಿದ್ದ ಮನ್ಸನ್ ಎಂಬ ತೋಟಗಾರಿಕೆಯ ತಜ್ಞ ಸುಣ್ಣದ ಮಣ್ಣಿಗೂ ಹೇನಿಗೂ ಬಗ್ಗದ ಕಾಡುಬಳ್ಳಿಗಳನ್ನು ತೋರಿಸಿದ. ಅವುಗಳ ಬೇರಿಗೆ ಫ್ರೆಂಚ್ ಬಳ್ಳಿಯನ್ನು ಕಸಿ ಕಟ್ಟಿದರು. ಹೇನು ಬಂದದ್ದೂ ಮದ್ದು ಬಂದದ್ದೂ ಒಂದೇ ನಾಡಿನಿಂದ. ಆ ಬರಗಾಲದಲ್ಲಿ ಉಗ್ರಾಣ ತುಂಬಿದ್ದವರು ಉಳಿದರು. ಉತ್ತರ ಕರ್ನಾಟಕದ ನಮ್ಮ ಹಿರಿಯರಿಗೆ ಜೋಳದ ಹಗೇವು ಹೇಗೋ, ಆ ತಲೆಮಾರಿನವರಿಗೆ ಹಳೆಯ ಪೀಪಾಯಿ ಹಾಗೆ.

ಆ ತಲೆಮಾರಿನವರಲ್ಲಿ ಒಬ್ಬರು ಜಾನ್ ಗಾಬ್ರಿಯೆಲ್ ಮೊನೆ. ದೊಡ್ಡ ಮನೆತನಗಳೆದುರು ತಾವೂ ನಿಲ್ಲಬೇಕೆಂದು ಸಣ್ಣ ಬೆಳೆಗಾರರು 1838ರಲ್ಲಿ ಕಟ್ಟಿಕೊಂಡಿದ್ದ ಸಂಘವೊಂದು 19ನೇ ಶತಮಾನದ ಕೊನೆಗೆ ಇವರ ಕೈಗೆ ಬಂತು, ಇವರ ಹೆಸರನ್ನೇ ಪಡೆಯಿತು. 1888ರಲ್ಲಿ ಹುಟ್ಟಿದ ಇವರ ಮಗ ಜಾನ್ ಮೊನೆ. ಮುಂದೆ ಯುರೋಪಿನ ಒಕ್ಕೂಟಕ್ಕೆ ಅಡಿಪಾಯ ಹಾಕಿದವರೆಂದು ಲೋಕ ಬಲ್ಲ ಮೊನೆ ಅವರೇ. ಅವರ ಮನೆಯ ಊಟದ ಮೇಜಿಗೆ ಇಂಗ್ಲೆಂಡ್, ಜರ್ಮನಿ, ಸ್ಕ್ಯಾಂಡಿನೇವಿಯಾಗಳ ಗಿರಾಕಿಗಳು ಬಂದು ಕೂರುತ್ತಿದ್ದರು. ಹುಡುಗನಿಗೆ ಶಾಲೆ ಹಿಡಿಸಲಿಲ್ಲ. ಹದಿನಾರಕ್ಕೆ ಲಂಡನ್ನಿಗೆ ಹೋಗಿ ಇಂಗ್ಲಿಷ್ ಕಲಿತ. ಹದಿನೆಂಟಕ್ಕೆ ಕೆನಡಾಕ್ಕೆ ಹೋಗಿ ಬ್ರಾಂದಿ ಮಾರಿದ. ಹೊರಡುವಾಗ, ಪುಸ್ತಕ ಒಯ್ಯಬೇಡ, ಕಿಟಕಿಯಾಚೆ ನೋಡು, ಜನರೊಡನೆ ಮಾತಾಡು ಎಂದು ಅಪ್ಪ ಬುದ್ಧಿ ಹೇಳಿದರಂತೆ. ಪುಸ್ತಕ ನಂಬಿ ಬದುಕಿದ ನನ್ನಂಥವರಿಗೆ ರುಚಿಸುವ ಮಾತಲ್ಲ, ಆದರೆ ಮಗ ಅದನ್ನು ಜೀವನಪೂರ್ತಿ ಪಾಲಿಸಿದರು. 1914ರಲ್ಲಿ ಯುದ್ಧ ಬಂದಾಗ, ಇಪ್ಪತ್ತಾರು ತುಂಬದ ಈ ಬ್ರಾಂದಿ ವ್ಯಾಪಾರಿ ಬೋರ್ದೋಗೆ ಹೋಗಿ ಪ್ರಧಾನಿ ವಿವಿಯಾನಿಯನ್ನು ಕಂಡು, ಬ್ರಿಟನ್ ಮತ್ತು ಫ್ರಾನ್ಸ್ ತಮ್ಮ ಸರಬರಾಜನ್ನು ಒಟ್ಟಾಗಿ ನಡೆಸಬೇಕೆಂದು ವಾದಿಸಿದರು. ಮುಂದೆ ರಾಷ್ಟ್ರಸಂಘದ ಉಪ ಮಹಾಕಾರ್ಯದರ್ಶಿಯಾದರು.

1923ರಲ್ಲಿ ಆ ಹುದ್ದೆ ಬಿಟ್ಟು ಅವರು ಊರಿಗೆ ಮರಳಬೇಕಾಯಿತು. ಮನೆಯ ವ್ಯಾಪಾರ ಮುಳುಗುತ್ತಿತ್ತು. ಅಮೆರಿಕದಲ್ಲಿ 1920ರಿಂದ ಪಾನನಿರೋಧ. ಕ್ರಾಂತಿಯ ನಂತರ ರಷ್ಯದ ಶ್ರೀಮಂತ ಗಿರಾಕಿಗಳೇ ಇಲ್ಲ. ಉಳಿದ ಪೇಟೆ ಕೇಳುತ್ತಿದ್ದದ್ದು ಅಗ್ಗದ, ಎಳೆಯ ಸರಕನ್ನು. ಅಪ್ಪನ ಉಗ್ರಾಣದಲ್ಲಿ ಮಾತ್ರ ವರ್ಷಗಟ್ಟಲೆ ಮಾಗಿದ ಹಳೆಯ ದಾಸ್ತಾನು. ಅದನ್ನು ಕೈಬಿಡಲು ಅವರಿಗೆ ಮನಸ್ಸಿಲ್ಲ. ಒಳ್ಳೆಯದನ್ನು ಮಾಡಿ ಕಾದರೆ ಗಿರಾಕಿ ಬಂದೇ ಬರುತ್ತಾನೆಂಬುದು ಅವರ ನಂಬಿಕೆ; ಹಿಂದೆ ಅದು ಸುಳ್ಳಾಗಿರಲಿಲ್ಲ. ಮಗ ಹೇಳಿದ ಉಪಾಯ ಸರಳವಾಗಿತ್ತು, ಕಠಿಣವೂ ಆಗಿತ್ತು: ಹಳೆಯದನ್ನು ಕೊಟ್ಟು ಅದರ ಬದಲಿಗೆ ಎಳೆಯ ಸಾರವನ್ನು ತರಬೇಕು, ಪೇಟೆ ಕೇಳಿದ್ದನ್ನು ಮಾರಬೇಕು. ಅಪ್ಪನನ್ನು ಒಪ್ಪಿಸುವುದು ಸುಲಭವಾಗಲಿಲ್ಲವೆಂಬುದು 1976ರಲ್ಲಿ ಪ್ರಕಟವಾದ ಅವರ ಸ್ಮೃತಿಗಳಿಂದ ತಿಳಿಯುತ್ತದೆ. ಅಪ್ಪ ನೆಟ್ಟ ಆಲದ ಮರವೆಂದು ಅದಕ್ಕೇ ನೇಣು ಹಾಕಿಕೊಳ್ಳಲಾದೀತೆ ಎಂದು ನಮ್ಮ ಗಾದೆ ಕೇಳುತ್ತದೆ. ಗಾದೆ ಹೇಳುವುದು ಸುಲಭ. ನೆಟ್ಟ ಅಪ್ಪ ಮರದ ಕೆಳಗೆ ಇನ್ನೂ ಕೂತಿರುವಾಗ ಕೊಡಲಿ ಎತ್ತುವುದು ಹೇಗೆ? ಮಗನದು ಸರಿಯೆಂದೇ ನನ್ನ ಅಭಿಪ್ರಾಯ. ಆದರೂ ಓದುವಾಗಲೆಲ್ಲ ಮನಸ್ಸು ಮುದುಕನ ಪಕ್ಕಕ್ಕೇ ಹೋಗಿ ನಿಲ್ಲುತ್ತದೆ.

ಪೀಪಾಯಿಗಳು ಹೋದವು, ವ್ಯಾಪಾರ ಉಳಿಯಿತು. ಬೇರೆಯವರ ಮಿಶ್ರಣ ಸೇರಿದ ಹಳೆಯ ಸಾರಕ್ಕೆ ಹೆಸರು ಉಳಿಯುವುದಿಲ್ಲ. ಅದು ಈ ಕಸುಬಿನ ರೀತಿ. ಮನೆ ಚೇತರಿಸಿಕೊಂಡ ಮೇಲೆ ಮೊನೆ ಅದನ್ನು ಬಂಧುಗಳಿಗೆ ವಹಿಸಿ, 1926ರಲ್ಲಿ ಅಮೆರಿಕದ ಬ್ಯಾಂಕೊಂದನ್ನು ಸೇರಿದರು. 1950ರ ಮೇ 9ರಂದು ಫ್ರಾನ್ಸಿನ ವಿದೇಶಾಂಗ ಮಂತ್ರಿ ಶೂಮಾನ್, ಫ್ರಾನ್ಸ್ ಮತ್ತು ಜರ್ಮನಿಗಳ ಕಲ್ಲಿದ್ದಲು ಉಕ್ಕುಗಳನ್ನು ಒಂದೇ ಅಧಿಕಾರದ ಕೆಳಗೆ ತರುವ ಪ್ರಸ್ತಾಪವನ್ನು ಓದಿದರಲ್ಲ, ಅದನ್ನು ಬರೆದು ಕೊಟ್ಟವರು ಮೊನೆ ಮತ್ತು ಅವರ ಸಂಗಡಿಗರು. ಎರಡು ದೇಶಗಳೂ ತಲೆಮಾರುಗಳಿಂದ ಕೂಡಿಟ್ಟು ಮಾಗಿಸಿದ್ದ ಇನ್ನೊಂದು ದಾಸ್ತಾನನ್ನು, ಹಗೆಯನ್ನು, ಬಿಟ್ಟುಕೊಡಿರೆಂದು ಕೇಳುವಾಗ ಅವರಿಗೆ ಅಪ್ಪನ ಮುಖ ನೆನಪಾಗಿರಬೇಕೆಂದು ನಾನು ಊಹಿಸಿಕೊಳ್ಳುತ್ತೇನೆ. ಅದು ನನ್ನ ಊಹೆ ಮಾತ್ರ.

1979ರಲ್ಲಿ ಅವರು ತೀರಿಕೊಂಡರು. ಹುಟ್ಟಿ ನೂರು ವರ್ಷವಾದ ದಿನ, 1988ರ ನವೆಂಬರ್ 9ರಂದು, ಅವರ ಅಸ್ಥಿಯನ್ನು ಪ್ಯಾರಿಸ್ಸಿನ ಪಾಂತೆಯೋಂಗೆ ಸಾಗಿಸಿದರು. ಮೊನೆ ಮನೆತನದ ಬ್ರಾಂದಿ ಅಷ್ಟರಲ್ಲಿ ಬೇರೆಯವರ ಪಾಲಾಗಿತ್ತು. ಕೊನ್ಯಾಕಿನಲ್ಲಿದ್ದ ಅವರ ಉಗ್ರಾಣ 2018ರಲ್ಲಿ ದೊಡ್ಡ ಹೋಟೆಲಾಗಿ ಬಾಗಿಲು ತೆರೆಯಿತು. ಅಪ್ಪನ ಪೀಪಾಯಿಗಳು ಸಾಲಾಗಿ ಮಲಗಿದ್ದ ಕಡೆ ಈಗ ಪ್ರವಾಸಿಗರು ಮಲಗಿ ಏಳುತ್ತಾರೆ.