ಮುಂಬಯಿಯ ವ್ಯಾಪಾರಿ ಕಟ್ಟಡಗಳು: ಕಾಗದ ನೋಡಿದವರು, ಕಂಬ ನೋಡದವರು

ಫೋರ್ಟ್ ಭಾಗದ ಕಚೇರಿಗಳಲ್ಲಿ ದುಡಿದ ನಮ್ಮಂಥವರು ಕಾಲಾ ಘೋಡಾದ ಬಳಿಯ ಎಸ್ಪ್ಲನೇಡ್ ಮ್ಯಾನ್ಷನ್ ಕಟ್ಟಡವನ್ನು ನೋಡದೆ ಇದ್ದಿರಲಾರರು. ಊಟದ ಬಿಡುವಿನಲ್ಲಿ ಅಲ್ಲಿ ಝೆರಾಕ್ಸ್ ಮಾಡಿಸಿ, ನೋಟರಿಯ ಮುದ್ರೆ ಹಾಕಿಸಿ, ಚಹ ಕುಡಿದು ಹಿಂತಿರುಗಿದ ದಿನಗಳು ನಮಗೂ ನೆನಪಿವೆ. ತಲೆಯ ಮೇಲೆ ಏನು ತೂಗುತ್ತಿದೆ ಎಂಬುದನ್ನು ಮಾತ್ರ ಆಗ ನಾವು ನೋಡಿರಲಿಲ್ಲ.

ಅಮೆರಿಕದ ಅಂತರ್ಯುದ್ಧದಿಂದಾಗಿ (1861-65) ಮುಂಬಯಿಯ ಹತ್ತಿಗೆ ಚಿನ್ನದ ಬೆಲೆ ಬಂದಿದ್ದ ಕಾಲ. ಗವರ್ನರ್ ಬಾರ್ಟ್ಲ್ ಫ್ರೇರ್ ಹಳೆಯ ಕೋಟೆಯ ಗೋಡೆಗಳನ್ನು ಕೆಡವಿಸಿದನು. ಬಯಲಾದ ಭೂಮಿ ಹರಾಜಿಗೆ ಬಂತು. ಜಾನ್ ವಾಟ್ಸನ್ ಎಂಬ ಬಟ್ಟೆ ವ್ಯಾಪಾರಿ ಅಲ್ಲೊಂದು ನಿವೇಶನ ಹಿಡಿದು, ಆರ್ಡಿಷ್ ಎಂಬ ಎಂಜಿನಿಯರನ ನಕ್ಷೆಯಂತೆ ಇಂಗ್ಲೆಂಡಿನ ಡರ್ಬಿಯಲ್ಲಿ ಎರಕ ಹೊಯ್ಯಿಸಿದ ಕಬ್ಬಿಣದ ಕಂಬಗಳನ್ನು ಹಡಗಿನಲ್ಲಿ ತರಿಸಿ, 1867-69ರಲ್ಲಿ ಇಲ್ಲಿ ಜೋಡಿಸಿದನು. 1871ರಲ್ಲಿ ಅದು ವಾಟ್ಸನ್ಸ್ ಹೋಟೆಲಾಗಿ ತೆರೆಯಿತು. 1896ರ ಜುಲೈ 7ರಂದು ಲುಮಿಯೇರ್ ಸಹೋದರರ ಚಲನಚಿತ್ರಗಳನ್ನು ಈ ದೇಶದಲ್ಲಿ ಮೊದಲ ಸಲ ತೋರಿಸಿದ್ದು ಇಲ್ಲಿಯೇ.

ಹೋಟೆಲು ಮುಚ್ಚಿದ ಮೇಲೆ ಒಳಗೆ ಗೂಡುಗಳಂಥ ಕೋಣೆಗಳಾದವು. ವಕೀಲರ ಕಚೇರಿಗಳು, ಅಂಗಡಿಗಳು, ಬಿಡಾರಗಳು ತುಂಬಿಕೊಂಡವು. ಪ್ರತಿ ಬಾಡಿಗೆದಾರನೂ ತನ್ನ ಅನುಕೂಲಕ್ಕೊಂದು ಅಡ್ಡಗೋಡೆ ಎಬ್ಬಿಸಿದ, ಇಲ್ಲವೇ ಅಟ್ಟ ಹಾಕಿದ. ಎರಕದ ಕಬ್ಬಿಣ ಮೇಲಿನಿಂದ ಬೀಳುವ ಒತ್ತಡವನ್ನು ಚೆನ್ನಾಗಿ ತಡೆಯುತ್ತದೆ. ಎಳೆತಕ್ಕೂ ಬಾಗುವಿಕೆಗೂ ಸಿಕ್ಕಿದರೆ ಮುನ್ಸೂಚನೆಯಿಲ್ಲದೆ ಬಿರಿಯುತ್ತದೆ. 2005ರಲ್ಲಿ ಕಟ್ಟಡದ ಒಂದು ಭಾಗ ಕುಸಿದು ಒಬ್ಬರು ಸತ್ತರು. 2019ರಲ್ಲಿ ನ್ಯಾಯಾಲಯದ ಆದೇಶದಂತೆ ಎಲ್ಲರನ್ನೂ ತೆರವು ಮಾಡಿಸಲಾಯಿತು. ಐಐಟಿಯವರ ವರದಿ ಕೆಡವಿರೆಂದಿತು; ಪಾರಂಪರಿಕ ಕಟ್ಟಡಗಳನ್ನು ಬಲ್ಲವರು ಉಳಿಸಬಹುದೆಂದರು. ಒಂದೇ ಕಟ್ಟಡವನ್ನು ಪರೀಕ್ಷಿಸಿದ ಇಬ್ಬರು ಪಂಡಿತರು ಎರಡು ಮಾತಾಡಬಲ್ಲರೆಂದ ಮೇಲೆ, ಕೊಳ್ಳಲು ಹೋದ ಸಾಮಾನ್ಯನ ಪಾಡೇನು!

ಮುಂಬಯಿಯ ವ್ಯಾಪಾರಿ ಕಟ್ಟಡಗಳೆಲ್ಲ ಒಂದೇ ಜಾತಿಯವಲ್ಲ. ಕಾಲಬಾದೇವಿ, ಮಸ್ಜಿದ್ ಬಂದರ್ ಕಡೆಯ ಹಳೆಯ ಪೇಟೆಯಲ್ಲಿ ಮರದ ಚೌಕಟ್ಟಿಗೆ ಇಟ್ಟಿಗೆ ತುಂಬಿದ ಮನೆಗಳು ಹೆಚ್ಚು. ಅಲ್ಲಿ ಶತ್ರು ಗೆದ್ದಲು ಮತ್ತು ಸೋರುವ ಪಾಯಿಖಾನೆಯ ಕೊಳವೆ. 1930ರ ದಶಕದಲ್ಲಿ ಕಾಂಕ್ರೀಟು ಮೆರೆಯತೊಡಗಿತು. ಉಪನಗರಗಳ ಕೈಗಾರಿಕಾ ‘ಗಾಳಾ’ಗಳಲ್ಲಿ ಯಂತ್ರದ ಅದುರಾಟ ಬೇರೆ.

ಇವುಗಳ ಕೆಳ ಅಂತಸ್ತುಗಳಲ್ಲಿಯೇ ನಮ್ಮ ದಕ್ಷಿಣ ಕನ್ನಡದವರು ಒಲೆ ಹೂಡಿದ್ದು. ಊರಿನಿಂದ ಬಂದು ಲೋಟ ತೊಳೆದು, ರಾತ್ರಿ ಶಾಲೆಯಲ್ಲಿ ಓದಿ, ಕೊನೆಗೆ ಸ್ವಂತ ಹೋಟೆಲು ಕಂಡವರು ಈ ಸಂಘದಲ್ಲಿಯೇ ಎಷ್ಟು ಜನರಿಲ್ಲ! ಅವರಲ್ಲಿ ಹೆಚ್ಚಿನವರು ಜಾಗ ಹಿಡಿದದ್ದು ‘ಪಗಡಿ’ ಕೊಟ್ಟು. 1947ರ ಬಾಡಿಗೆ ನಿಯಂತ್ರಣ ಕಾಯಿದೆ ಬಾಡಿಗೆಯನ್ನು 1940ರ ಮಟ್ಟಕ್ಕೆ ಕಟ್ಟಿಹಾಕಿತು. ಆ ಬಾಡಿಗೆಯಲ್ಲಿ ಸುಣ್ಣವನ್ನೂ ಬಳಿಯಲಾಗದು ಎಂದ ಮಾಲಿಕ. ಕಟ್ಟಡ ನನ್ನದಲ್ಲವಲ್ಲ ಎಂದ ಬಾಡಿಗೆದಾರ. ಇಬ್ಬರ ಮಾತಿನಲ್ಲೂ ನ್ಯಾಯವಿತ್ತು, ಕಂಬ ಮಾತ್ರ ಅನಾಥವಾಯಿತು. ಕಡೆಗೆ 1969ರಲ್ಲಿ ಸರಕಾರವೇ ಕಾಯಿದೆ ಮಾಡಿ, ದುರಸ್ತಿ ಮಂಡಳಿ ಸ್ಥಾಪಿಸಿ, ದ್ವೀಪನಗರದ ಹಳೆಯ ಕಟ್ಟಡಗಳಿಂದ ‘ಸೆಸ್’ ಎತ್ತತೊಡಗಿತು. 1888ರ ಮಹಾನಗರಪಾಲಿಕೆ ಕಾಯಿದೆಗೆ ಆಮೇಲೆ ಸೇರಿದ 353-ಬಿ ಕಲಮಿನಂತೆ ಮೂವತ್ತು ವರ್ಷ ದಾಟಿದ ಕಟ್ಟಡವನ್ನು ನೋಂದಾಯಿತ ಎಂಜಿನಿಯರರಿಂದ ಪರೀಕ್ಷಿಸಬೇಕು.

ಕಾಯಿದೆಯಿದ್ದೂ ಆದದ್ದೇನು? 2013ರ ಸೆಪ್ಟೆಂಬರ್ 27ರಂದು ಡಾಕ್ಯಾರ್ಡ್ ರೋಡಿನಲ್ಲಿ ಪಾಲಿಕೆಯದೇ ಕಟ್ಟಡ ಕುಸಿದು 61 ಜನರು ಸತ್ತರು. ಕೆಳಗೆ ಬಾಡಿಗೆಗಿದ್ದ ಗೋದಾಮಿನ ಫೇರ್ಬದಲಿನ ಮೇಲೆ ತನಿಖೆಯ ಕಣ್ಣು ಬಿತ್ತು. 2017ರ ಜುಲೈ 25ರಂದು ಘಾಟ್ಕೋಪರಿನಲ್ಲಿ 17 ಜನ. ಅಲ್ಲಿಯೂ ಕೆಳ ಅಂತಸ್ತಿನ ನವೀಕರಣದ ಕೆಲಸದ ಮೇಲೆಯೇ ಆಪಾದನೆ. ವ್ಯಾಪಾರ ನಡೆಯುವುದು ಕೆಳಗೆ, ಸಂಸಾರಗಳು ಮಲಗುವುದು ಮೇಲೆ.

ನಮ್ಮ ಅನುಭವವೊಂದನ್ನು ಹೇಳಬೇಕು. ಕೆಲವು ವರ್ಷಗಳ ಹಿಂದೆ ಊರಕಡೆಯ ಸ್ನೇಹಿತರೊಬ್ಬರು ಮಧ್ಯ ಉಪನಗರವೊಂದರಲ್ಲಿ ಹೋಟೆಲಿಗೆ ಜಾಗ ನೋಡಿದ್ದರು. ಇಪ್ಪತ್ತೆರಡು ವರ್ಷದ ಉಳಿತಾಯ, ಜೊತೆಗೆ ಹೆಂಡತಿಯ ಬಳೆ. “ನೀವು ಸಾಯನ್ಸ್ ಓದಿದವರು, ಒಮ್ಮೆ ಬನ್ನಿ” ಎಂದರು. ನಾವು ಸರಕಾರಿ ಗುಮಾಸ್ತರು. ಕಡತ ಗಟ್ಟಿಯಿದ್ದರೆ ಕಟ್ಟಡವೂ ಗಟ್ಟಿ ಎಂದು ನಂಬುವ ಜಾತಿ. ಮೂರು ಭಾನುವಾರ ಕಾಗದಗಳನ್ನೇ ಓದಿದೆವು. ಒಂದೂ ತಪ್ಪಿರಲಿಲ್ಲ, ಮುಂಗಡ ಕೊಡಿಸಿಯೂ ಬಿಟ್ಟೆವು. ಆಮೇಲೆ ಯಾರೋ ಹೇಳಿದರೆಂದು ಎಂಜಿನಿಯರರನ್ನು ಕರೆತಂದದ್ದು.

ಆತ ಕಾಗದ ಕೇಳಲಿಲ್ಲ. ಅಡಿಗೆಮನೆಯ ಮೂಲೆಯ ಕಂಬವನ್ನು ಸಣ್ಣ ಸುತ್ತಿಗೆಯಿಂದ ತಟ್ಟುತ್ತ ಹೋದ. ಒಂದೆಡೆ ಟಣ್ ಎಂದದ್ದು ಇನ್ನೊಂದೆಡೆ ಡಬ್ ಎಂದಿತು. ಅಲ್ಲಿ ಚಕ್ಕೆ ಎಬ್ಬಿಸಿ ಸೀಸೆಯಿಂದ ದ್ರವ ಸಿಂಪಡಿಸಿದ. ವಾಸನೆ ನೋಡದೆಯೇ ಗುರುತು ಸಿಕ್ಕಿತು: ಫಿನಾಲ್ಫ್ತಲೀನ್! ಬಿಎಸ್ಸಿಯಲ್ಲಿ ಬ್ಯುರೆಟ್ ಹಿಡಿದು ಎಷ್ಟು ಸಲ ಅದನ್ನು ಗುಲಾಬಿಗೆ ತಿರುಗಿಸಿದ್ದೆವೋ! ಒಳ್ಳೆಯ ಕಾಂಕ್ರೀಟು ಕ್ಷಾರೀಯ, ಗುಲಾಬಿಯಾಗಬೇಕು. ಆ ಕ್ಷಾರವೇ ಒಳಗಿನ ಸರಳಿಗೆ ಕವಚ. ಗಾಳಿಯ ಇಂಗಾಲಾಮ್ಲ ವರ್ಷಾನುಗಟ್ಟಲೆ ಒಳಹೊಕ್ಕು ಕ್ಷಾರವನ್ನು ಕೊಂದರೆ, ತೇವವೂ ಕಡಲಿನ ಉಪ್ಪೂ ಸೇರಿ ಸರಳು ತುಕ್ಕು ಹಿಡಿಯುತ್ತದೆ. ತುಕ್ಕು ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಬೇಡುತ್ತದೆ, ಕಾಂಕ್ರೀಟನ್ನು ಒಳಗಿನಿಂದಲೇ ಒಡೆಯುತ್ತದೆ. ಆ ಕಂಬದಲ್ಲಿ ಸರಳಿನವರೆಗೂ ಬಣ್ಣವೇ ಬರಲಿಲ್ಲ.

ಸ್ನೇಹಿತರು ಬಹಳ ಹೊತ್ತು ಅದನ್ನೇ ನೋಡುತ್ತ ನಿಂತರು. ಮುಂಗಡದಲ್ಲಿ ಅರ್ಧ ಮಾತ್ರ ಮರಳಿತು. ಉಳಿದದ್ದಕ್ಕೆ ನಾವೇ ಹೊಣೆಯೆಂದು ಅವರು ಒಮ್ಮೆಯೂ ಅನ್ನಲಿಲ್ಲ, ಅನ್ನಬಹುದಿತ್ತು. ಎರಡು ತಿಂಗಳಾದ ಮೇಲೆ ಆ ದಾರಿಯಲ್ಲಿ ಹೋದಾಗ ಅಲ್ಲಿ ಬೇರೊಬ್ಬರ ಹೋಟೆಲು ತೆರೆದಿತ್ತು. ಕಂಬಕ್ಕೆ ಹೊಸ ಪ್ಲಾಸ್ಟರು ಬಳಿದು, ಮೇಲೆ ಬಿಳಿಯ ಟೈಲ್ಸ್ ಅಂಟಿಸಿ, ಕೈತೊಳೆಯುವ ಬೇಸಿನ್ನನ್ನು ಅದಕ್ಕೇ ತಗುಲಿಸಿದ್ದರು.